ಮುತ್ತಿಗಾಗಿ ಮುಳುಗಿದವರು, ಹವಳ ನೋಡಲು ಮುಳುಗುವವರು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವೆ ಹರಡಿಕೊಂಡಿರುವುದು ನಮ್ಮ ರಾಯಚೂರು ಜಿಲ್ಲೆ. ಇತಿಹಾಸದ ಪುಸ್ತಕಗಳಲ್ಲಿ ನಾವೆಲ್ಲ ಇದನ್ನು ‘ರಾಯಚೂರು ದೋಆಬ್’ ಎಂದು ಓದಿದ್ದೇವೆ. ದೋಆಬ್ ಎಂಬ ಪಾರ್ಸಿ ಪದದ ಅರ್ಥವೇ ಎರಡು ನೀರು. ಈ ನೆಲಕ್ಕಾಗಿ ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲ್‌ಶಾಹಿಗಳು ತಲೆಮಾರುಗಟ್ಟಲೆ ಕಾದಾಡಿದರು. 1520ರ ರಾಯಚೂರು ಯುದ್ಧದಲ್ಲಿ ಸೋತು ಹಿಮ್ಮೆಟ್ಟಿದ ಸೈನಿಕರಲ್ಲಿ ಅನೇಕರು ಕೃಷ್ಣೆಯಲ್ಲಿ ಮುಳುಗಿ ಸತ್ತರೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ನೆಲದ ಇತಿಹಾಸವನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದೆವು. ಆದರೆ ನೀರಿನ ಇತಿಹಾಸವನ್ನು, ಅದರಲ್ಲೂ ನೀರಿನೊಳಗೆ ಇಳಿದವರ ಇತಿಹಾಸವನ್ನು ನಮಗೆ ಯಾರೂ ಕಲಿಸಲಿಲ್ಲ.

ರಾಯಚೂರಿನಿಂದ ಹೈದರಾಬಾದಿನ ಕಡೆಗೆ ಹೋಗುವವರಿಗೆಲ್ಲ ದೇವಸೂಗೂರಿನ ಬಳಿ ಕೃಷ್ಣೆಗೆ ಕಟ್ಟಿದ ಹಳೆಯ ಕಮಾನುಗಳ ಸೇತುವೆ ಪರಿಚಿತ. ನಿಜಾಮರ ಆಡಳಿತದಲ್ಲಿ ಅದರ ಕಾಮಗಾರಿ ಮುಗಿದದ್ದು 1943ರಲ್ಲಿ. ನಮ್ಮ ಜನ ನೀರಿನ ಮೇಲೆ ದಾಟಲು ದಾರಿ ಮಾಡಿಕೊಂಡ ಅದೇ ವರ್ಷ ದೂರದ ಫ್ರಾನ್ಸಿನಲ್ಲಿ ಇಬ್ಬರು, ಮನುಷ್ಯ ನೀರಿನ ಕೆಳಗೆ ಉಸಿರಾಡುತ್ತಾ ಸ್ವತಂತ್ರವಾಗಿ ಓಡಾಡುವ ಉಪಕರಣವನ್ನು ಪರೀಕ್ಷಿಸುತ್ತಿದ್ದರು. ಇಂದು ಮುರುಡೇಶ್ವರದ ಸಮುದ್ರದಲ್ಲಿ ಪ್ರವಾಸಿಗರು ಹಣ ಕೊಟ್ಟು ಮಾಡುವ ‘ಸ್ಕೂಬಾ ಡೈವಿಂಗ್’ ಎಂಬ ಕ್ರೀಡೆ ಹುಟ್ಟಿದ್ದು ಆ ಉಪಕರಣದಿಂದ. ಮೇಲ್ನೋಟಕ್ಕೆ ಇದು ಉಳ್ಳವರ ಶೋಕಿ ಎನಿಸಬಹುದು. ಆದರೆ ಇದರ ಇತಿಹಾಸವನ್ನು ಬಿಡಿಸಿ ನೋಡಿದರೆ ಅದರಲ್ಲಿ ಬಡವರ ಬೆವರಿದೆ, ವಿಜ್ಞಾನಿಗಳ ತಾಳ್ಮೆಯಿದೆ, ಎರಡು ನದಿಗಳ ನಡುವೆ ಬದುಕುವ ನಮಗೆ ಬೇಕಾದ ಒಂದು ಪಾಠವೂ ಇದೆ.

ಹೊಟ್ಟೆಪಾಡಿಗಾಗಿ ಮುಳುಗಿದವರು

ಪವಿತ್ರ ಕುರ್‌ಆನಿನ ‘ಸಾದ್’ ಅಧ್ಯಾಯದಲ್ಲಿ ಪ್ರವಾದಿ ಸುಲೈಮಾನ್ (ಅ) ಅವರ ಪ್ರಸ್ತಾಪ ಬರುವಾಗ ಕಟ್ಟಡ ಕಟ್ಟುವವರ ಜೊತೆಗೆ ನೀರಿನಲ್ಲಿ ಮುಳುಗುವವರ ಉಲ್ಲೇಖವೂ ಇದೆ. ‘ಅರ್ರಹ್ಮಾನ್’ ಅಧ್ಯಾಯದಲ್ಲಿ ಮುತ್ತು ಮತ್ತು ಹವಳಗಳು ದೇವನ ಅನುಗ್ರಹಗಳ ಸಾಲಿನಲ್ಲಿ ಬರುತ್ತವೆ. ಅರಬ್ ಜಗತ್ತಿಗೆ ಸಮುದ್ರದ ತಳ ಅಪರಿಚಿತವಾಗಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕೊಲ್ಲಿಯ ತೀರದಲ್ಲಿ, ಅಂದರೆ ಇಂದಿನ ಬಹ್ರೈನ್, ಕುವೈತ್, ಕತಾರ್, ದುಬೈ ಪ್ರದೇಶಗಳಲ್ಲಿ, ಪೆಟ್ರೋಲ್ ದೊರೆಯುವ ಮೊದಲು ಮುತ್ತೇ ಮುಖ್ಯ ಸಂಪತ್ತಾಗಿತ್ತು. ಬೇಸಿಗೆ ಬಂತೆಂದರೆ ದೋಣಿಗಳು ತಿಂಗಳುಗಟ್ಟಲೆ ಸಮುದ್ರದಲ್ಲಿ ಇರುತ್ತಿದ್ದವು. ದೋಣಿಯ ಯಜಮಾನನಿಗೆ ‘ನಾಖುದಾ’ ಎಂದು ಹೆಸರು. ಮುಳುಗುವವನು ಮೂಗಿಗೆ ಚಿಮುಟ ಸಿಕ್ಕಿಸಿಕೊಂಡು, ಕಾಲಿಗೆ ಕಲ್ಲಿನ ಭಾರ ಕಟ್ಟಿಕೊಂಡು, ಕೊರಳಿಗೆ ಬುಟ್ಟಿ ಹಾಕಿಕೊಂಡು ಒಂದೇ ಉಸಿರಿನಲ್ಲಿ ಕೆಳಗಿಳಿಯುತ್ತಿದ್ದ. ಕೈಗೆ ಸಿಕ್ಕಷ್ಟು ಚಿಪ್ಪುಗಳನ್ನು ಬಾಚಿಕೊಂಡು ಹಗ್ಗ ಜಗ್ಗುತ್ತಿದ್ದ. ಮೇಲೆ ದೋಣಿಯಲ್ಲಿದ್ದ ಇನ್ನೊಬ್ಬ ಅವನನ್ನು ಎಳೆದುಕೊಳ್ಳುತ್ತಿದ್ದ. ದಿನಕ್ಕೆ ಹತ್ತಾರು ಬಾರಿ ಹೀಗೆ ಇಳಿದು ಏರಬೇಕಾಗಿತ್ತು. ಕಿವಿಯ ತಮಟೆ ಒಡೆಯುವುದು, ಕಣ್ಣು ಕೆಡುವುದು, ಚರ್ಮ ಬಿರಿಯುವುದು ಈ ಕಸುಬಿನಲ್ಲಿ ಸಾಮಾನ್ಯವಾಗಿತ್ತು.

14ನೆಯ ಶತಮಾನದ ಜಗತ್ಪ್ರಸಿದ್ಧ ಪ್ರವಾಸಿ ಇಬ್ನ್ ಬತೂತಾ ಈ ಮುತ್ತಿನ ಕಸುಬನ್ನು ತನ್ನ ಪ್ರವಾಸ ಕಥನದಲ್ಲಿ ವರ್ಣಿಸಿದ್ದಾನೆ. ಕೆಲವರು ನೀರಿನೊಳಗೆ ಒಂದೆರಡು ಗಂಟೆ ಇರಬಲ್ಲರೆಂದೂ ಬರೆದಿದ್ದಾನೆ. ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಒಂದು ಉಸಿರಿನಲ್ಲಿ ಗಂಟೆಗಟ್ಟಲೆ ಇರಲು ಯಾವ ಮನುಷ್ಯನಿಗೂ ಸಾಧ್ಯವಿಲ್ಲ. ಮುತ್ತಿನ ಕಸುಬಿನವರು ಇರುತ್ತಿದ್ದುದು ಒಂದೊಂದೂವರೆ ನಿಮಿಷ ಮಾತ್ರ. ಎಷ್ಟೇ ದೊಡ್ಡ ಲೇಖಕನಾದರೂ ಅವನು ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಮಾಡಿ ಓದಬೇಕು. ಆದರೆ ಅದೇ ಲೇಖಕ ಇನ್ನೊಂದು ಮಾತನ್ನೂ ದಾಖಲಿಸಿದ್ದಾನೆ: ಮುತ್ತುಗಳನ್ನು ಕೊಳ್ಳುವ ವರ್ತಕರೇ ಮುಳುಗುವವರಿಗೆ ಸಾಲ ಕೊಟ್ಟವರು, ಹೀಗಾಗಿ ಸಿಕ್ಕ ಮುತ್ತು ಸಾಲಕ್ಕೇ ಸಂದುಹೋಗುತ್ತಿತ್ತು. ಈ ಮಾತನ್ನು ನಂಬಲು ನಮಗೆ ಕಷ್ಟವಿಲ್ಲ. ಸಾಲ ತೀರಿಸಲು ದುಡಿಯುವುದು, ದುಡಿಯಲು ಮತ್ತೆ ಸಾಲ ಮಾಡುವುದು ನಮ್ಮ ಹೊಲಗಳಲ್ಲೂ ಹೊಸದೇನಲ್ಲ.

20ನೆಯ ಶತಮಾನದ ಮೊದಲ ಭಾಗದಲ್ಲಿ ಜಪಾನಿನ ಮಿಕಿಮೊಟೊ ಕೋಕಿಚಿ ಮುಂತಾದವರು ಚಿಪ್ಪಿನೊಳಗೆ ಮುತ್ತು ಬೆಳೆಸುವ ವಿಧಾನವನ್ನು ವ್ಯಾಪಾರಕ್ಕೆ ತಂದರು. 1929ರ ನಂತರ ಜಗತ್ತಿನ ಆರ್ಥಿಕ ಕುಸಿತವೂ ಸೇರಿ ಕೊಲ್ಲಿಯ ಮುತ್ತಿನ ವ್ಯಾಪಾರ ನೆಲಕಚ್ಚಿತು. 1932ರಲ್ಲಿ ಬಹ್ರೈನಿನಲ್ಲಿ ತೈಲ ದೊರೆಯಿತು. ಮುಂದೆ ನಮ್ಮ ದೇಶದ ಲಕ್ಷಾಂತರ ಜನ ದುಡಿಮೆಗಾಗಿ ಹೋದದ್ದು ಆ ತೈಲದ ನಾಡಿಗೆ. ಇಂದಿನ ಎತ್ತರದ ಕಟ್ಟಡಗಳ ಹಿಂದೆ ಮುಳುಗಿ ಬದುಕಿದವರ ಊರುಗಳಿದ್ದವೆಂಬುದನ್ನು ಜಗತ್ತು ಮರೆಯಬಾರದೆಂದು 2012ರಲ್ಲಿ ಯುನೆಸ್ಕೊ ಬಹ್ರೈನಿನ ಮುತ್ತಿನ ಕಸುಬಿನ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅರಿವಿಗಾಗಿ ದುಡಿದವರು

ಮುಳುಗುವವನ ಕಷ್ಟ ಉಸಿರಿನದು. ಆ ಕಷ್ಟಕ್ಕೆ ಬುದ್ಧಿಯಿಂದ ಪರಿಹಾರ ಹುಡುಕಿದವರಲ್ಲಿ ಬಾಗ್ದಾದಿನ ಬನೂ ಮೂಸಾ ಸಹೋದರರನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದಿರಬೇಕು. ಮುಹಮ್ಮದ್, ಅಹ್ಮದ್ ಮತ್ತು ಹಸನ್ ಎಂಬ ಈ ಮೂವರು ಅಬ್ಬಾಸಿ ಖಲೀಫರ ಕಾಲದಲ್ಲಿ, 9ನೆಯ ಶತಮಾನದ ಮಧ್ಯದಲ್ಲಿ, ‘ಕಿತಾಬುಲ್ ಹಿಯಲ್’ ಎಂಬ ಯಂತ್ರಗಳ ಗ್ರಂಥ ರಚಿಸಿದರು. ಅದರಲ್ಲಿ ವಿವರಿಸಿದ ಸುಮಾರು ನೂರು ಸಾಧನಗಳಲ್ಲಿ ಎರಡು ನಮ್ಮ ವಿಷಯಕ್ಕೆ ಹತ್ತಿರವಾದವು. ಒಂದು, ನೀರಿನ ತಳದಿಂದ ವಸ್ತುಗಳನ್ನು ಹಿಡಿದೆತ್ತುವ ಇಕ್ಕಳದಂತಹ ಸಾಧನ. ಇನ್ನೊಂದು, ಕೆಟ್ಟ ಗಾಳಿ ತುಂಬಿದ ಬಾವಿಯಲ್ಲಿ ಇಳಿದು ಕೆಲಸ ಮಾಡುವವನು ಉಸಿರಾಡಲು ಬೇಕಾದ ಸಾಧನ. ಸಾವಿರದ ನೂರು ವರ್ಷಗಳಿಗೂ ಹಿಂದೆ ಬಾವಿಗಿಳಿಯುವ ಕೂಲಿಯವನ ಉಸಿರಿನ ಬಗ್ಗೆ ವಿದ್ವಾಂಸರು ತಲೆಕೆಡಿಸಿಕೊಂಡಿದ್ದರು. ನಮ್ಮ ಕಾಲದಲ್ಲೂ ಪಾಳುಬಾವಿಗೋ ಮ್ಯಾನ್‌ಹೋಲಿಗೋ ಬರಿಮೈಯಲ್ಲಿ ಇಳಿದು ಪ್ರಾಣ ಕಳೆದುಕೊಂಡವರ ಸುದ್ದಿ ಓದಿದಾಗ ಈ ಸಹೋದರರು ನೆನಪಾಗಬೇಕು.

ಯುರೋಪಿನಲ್ಲಿ ಈ ಅರಿವು ಮುಂದೆ ಬೆಳೆಯಿತು. 1670ರಲ್ಲಿ ರಾಬರ್ಟ್ ಬಾಯ್ಲ್, ಗಾಳಿಯ ಒತ್ತಡ ಕಡಿಮೆ ಮಾಡಿದ ಪಾತ್ರೆಯಲ್ಲಿಟ್ಟ ಹಾವಿನ ಕಣ್ಣಿನಲ್ಲಿ ಗುಳ್ಳೆ ಎದ್ದುದನ್ನು ಗುರುತಿಸಿದ. 1837ರ ಹೊತ್ತಿಗೆ ಲಂಡನ್ನಿನಲ್ಲಿ ನೆಲೆಸಿದ್ದ ಆಗಸ್ಟಸ್ ಸೀಬೆ ಎಂಬ ಕುಶಲಕರ್ಮಿ ಲೋಹದ ಶಿರಸ್ತ್ರಾಣ ಜೋಡಿಸಿದ ಪೂರ್ಣ ಮುಚ್ಚಿದ ಉಡುಪು ತಯಾರಿಸಿದ. ಮೇಲಿನ ಹಡಗಿನಿಂದ ಕೊಳವೆಯ ಮೂಲಕ ಗಾಳಿ ಒತ್ತಿದರೆ ಮುಳುಗುಗಾರ ಬಹಳ ಹೊತ್ತು ಕೆಳಗೆ ಕೆಲಸ ಮಾಡಬಹುದಾಗಿತ್ತು. ಆದರೆ ಹೊಸ ಸೌಕರ್ಯದೊಡನೆ ಹೊಸ ರೋಗವೂ ಬಂತು. ಆಳದಲ್ಲಿ ಚೆನ್ನಾಗಿಯೇ ಇದ್ದವರು ಮೇಲೆ ಬಂದ ಮೇಲೆ ಕೀಲು ನೋವಿನಿಂದ ಒದ್ದಾಡುತ್ತಿದ್ದರು, ಕೆಲವರ ಕೈಕಾಲು ಬೀಳುತ್ತಿದ್ದವು, ಕೆಲವರು ಸಾಯುತ್ತಿದ್ದರು. ಸೇತುವೆಗಳ ಅಡಿಪಾಯಕ್ಕಾಗಿ ನದಿಯ ತಳದಲ್ಲಿ ಒತ್ತಿದ ಗಾಳಿಯ ಕೋಣೆಗಳಲ್ಲಿ ದುಡಿದ ಕಾರ್ಮಿಕರಿಗೂ ಇದೇ ಗತಿ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ 1872ರಲ್ಲಿ ಈ ರೋಗಕ್ಕೆ ತುತ್ತಾದರು.

ಕಾರಣವನ್ನು 1878ರಲ್ಲಿ ಫ್ರಾನ್ಸಿನ ಪಾಲ್ ಬೆರ್ ವಿವರಿಸಿದರು. ಇದನ್ನು ಅರ್ಥ ಮಾಡಿಕೊಳ್ಳಲು ಪ್ರಯೋಗಾಲಯ ಬೇಕಾಗಿಲ್ಲ, ಒಂದು ಗೋಲಿ ಸೋಡಾ ಸಾಕು. ಗೋಲಿ ಬಿಗಿದಿರುವಾಗ ಸೋಡಾದೊಳಗಿನ ಅನಿಲ ಕಣ್ಣಿಗೆ ಕಾಣುವುದಿಲ್ಲ. ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳು ಬುಸ್ಸೆಂದು ಏಳುತ್ತವೆ. ಆಳದ ಒತ್ತಡದಲ್ಲಿ ನಾವು ಸೇವಿಸುವ ಗಾಳಿಯಲ್ಲಿರುವ ಸಾರಜನಕವು ರಕ್ತದಲ್ಲಿ, ಮಾಂಸಖಂಡಗಳಲ್ಲಿ ಕರಗಿರುತ್ತದೆ. ಅವಸರದಿಂದ ಮೇಲೆ ಬಂದರೆ ಅದೂ ಹೀಗೆಯೇ ದೇಹದೊಳಗೆ ಗುಳ್ಳೆಯಾಗುತ್ತದೆ. ನಿಧಾನವಾಗಿ ಬಂದರೆ ಉಸಿರಿನೊಡನೆ ಹೊರಹೋಗುತ್ತದೆ. 1908ರಲ್ಲಿ ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಮೇಕೆಗಳ ಮೇಲೆ ಪ್ರಯೋಗ ನಡೆಸಿ, ಎಷ್ಟು ಆಳದಿಂದ ಎಷ್ಟೆಷ್ಟು ಹೊತ್ತು ತಡೆದು ತಡೆದು ಮೇಲೆ ಬರಬೇಕೆಂಬ ಕೋಷ್ಟಕ ಪ್ರಕಟಿಸಿದರು. ಅಲ್ಲಿಯವರೆಗೆ ಧೈರ್ಯವಂತನೇ ಒಳ್ಳೆಯ ಮುಳುಗುಗಾರ ಎನಿಸಿಕೊಂಡಿದ್ದ. ಅಂದಿನಿಂದ ಲೆಕ್ಕ ಬಲ್ಲವನು, ತಾಳ್ಮೆಯುಳ್ಳವನು ಒಳ್ಳೆಯ ಮುಳುಗುಗಾರ ಎನಿಸಿಕೊಂಡ.

ನದಿಯಲ್ಲಿ ನಡೆದ ಪರೀಕ್ಷೆ

ಜಾಕ್ ಈವ್ ಕೂಸ್ತೋ ಫ್ರೆಂಚ್ ನೌಕಾಪಡೆಯ ಅಧಿಕಾರಿ. 1936ರಲ್ಲಿ ಕಾರು ಅಪಘಾತದಲ್ಲಿ ಅವರ ತೋಳುಗಳಿಗೆ ಪೆಟ್ಟಾಗಿ, ಚೇತರಿಸಿಕೊಳ್ಳಲು ಮೆಡಿಟರೇನಿಯನ್ ಸಮುದ್ರದಲ್ಲಿ ಈಜತೊಡಗಿದರು. ಆಗ ಆ ತೀರದಲ್ಲಿ ನೀರುಕನ್ನಡಕ ಹಾಕಿಕೊಂಡು, ಕಾಲಿಗೆ ರಬ್ಬರಿನ ಈಜುರೆಕ್ಕೆ ತೊಟ್ಟು ಮೀನು ಬೇಟೆಯಾಡುವ ಹವ್ಯಾಸ ಶುರುವಾಗಿತ್ತು. ಉಸಿರು ಕಟ್ಟಿ ಮುಳುಗುವ ಬದಲು ಉಸಿರಾಡುತ್ತಾ ಇರಲು ಸಾಧ್ಯವಾಗಬಾರದೇಕೆ ಎಂಬ ಹಂಬಲ ಅವರಲ್ಲಿ ಹುಟ್ಟಿತು.

ಎಮಿಲ್ ಗಾನ್ಯಾನ್ ಅನಿಲ ಕಂಪನಿಯೊಂದರ ಎಂಜಿನಿಯರ್. ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ ಪೆಟ್ರೋಲ್ ಸಿಗದೆ ಮೋಟಾರುಗಳನ್ನು ಅನಿಲದಿಂದ ಓಡಿಸಬೇಕಾಗಿತ್ತು. ಬೇಕಾದಾಗ ಬೇಕಾದಷ್ಟೇ ಅನಿಲ ಬಿಡುವ ಒಂದು ಕವಾಟವನ್ನು ಅವರು ತಯಾರಿಸಿದ್ದರು. ಇಬ್ಬರೂ ಕೂಡಿ ಆ ಕವಾಟವನ್ನು ಮನುಷ್ಯನ ಉಸಿರಿಗೆ ಹೊಂದಿಸಿದರು. 1943ರ ಜನವರಿಯಲ್ಲಿ ಅದರ ಮೊದಲ ಪರೀಕ್ಷೆ ನಡೆದದ್ದು ಸಮುದ್ರದಲ್ಲಲ್ಲ, ಪ್ಯಾರಿಸ್ ಬಳಿಯ ಮಾರ್ನ್ ನದಿಯಲ್ಲಿ. ಅಡ್ಡವಾಗಿ ಮಲಗಿ ಈಜಿದಾಗ ಚೆನ್ನಾಗಿ ನಡೆದ ಉಪಕರಣ, ನೆಟ್ಟಗೆ ನಿಂತರೆ ಕೈಕೊಡುತ್ತಿತ್ತು. ಉಸಿರು ಹೊರಬಿಡುವ ಬಾಯಿ ಕವಾಟಕ್ಕಿಂತ ಎತ್ತರದಲ್ಲಿದ್ದದ್ದೇ ತೊಂದರೆ ಎಂದು ಗುರುತಿಸಿ ಎರಡನ್ನೂ ಒಂದೇ ಮಟ್ಟಕ್ಕೆ ತಂದರು. ಆ ವರ್ಷದ ಬೇಸಿಗೆಯಲ್ಲಿ ಕೂಸ್ತೋ ಮೆಡಿಟರೇನಿಯನ್ ಸಮುದ್ರದಲ್ಲಿ ಹಗ್ಗವಿಲ್ಲದೆ, ಕೊಳವೆಯಿಲ್ಲದೆ ಮೀನಿನಂತೆ ಓಡಾಡಿದರು. ಅದಕ್ಕೆ ‘ಅಕ್ವಾ ಲಂಗ್’, ಅಂದರೆ ನೀರಿನ ಶ್ವಾಸಕೋಶ, ಎಂದು ಹೆಸರಾಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಡೈವರ್‌ಗಳು ಬೆನ್ನಿಗೆ ಹೊರುವುದು ಆಕ್ಸಿಜನ್ ಸಿಲಿಂಡರ್ ಎಂದು ನಮ್ಮಲ್ಲಿ ಅನೇಕರು ಹೇಳುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಇರುವುದು ಶುದ್ಧೀಕರಿಸಿ ಒತ್ತಿ ತುಂಬಿದ ಗಾಳಿ, ನಾವು ನೀವು ಈಗ ಉಸಿರಾಡುತ್ತಿರುವ ಗಾಳಿಯೇ. ಶುದ್ಧ ಆಮ್ಲಜನಕವನ್ನು ಹತ್ತು ಮೀಟರಿನಷ್ಟು ಆಳದಲ್ಲಿ ಸೇವಿಸಿದರೆ ಅದೇ ವಿಷವಾಗಿ ಸೆಳವು ಬರಿಸಬಹುದು.

ಬೇಟೆಯಿಂದ ನೋಟದ ಕಡೆಗೆ

ಯುದ್ಧ ಮುಗಿದ ಮೇಲೆ ಅಕ್ವಾ ಲಂಗ್ ಮಾರುಕಟ್ಟೆಗೆ ಬಂತು. ಕೂಸ್ತೋ ಅವರ ‘ದಿ ಸೈಲೆಂಟ್ ವರ್ಲ್ಡ್’ ಪುಸ್ತಕ 1953ರಲ್ಲಿ ಪ್ರಕಟವಾಯಿತು. ಅದೇ ಹೆಸರಿನ ಚಲನಚಿತ್ರ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗಳಿಸಿತು. ಸಮುದ್ರದ ತಳವನ್ನು ಬಣ್ಣದಲ್ಲಿ ಕಂಡ ಜನ ಬೆರಗಾದರು. ಆದರೆ ಅದೇ ಚಿತ್ರದಲ್ಲಿ ಮೀನುಗಳನ್ನು ಎಣಿಸಲು ಹವಳದ ದಿಬ್ಬಕ್ಕೆ ಡೈನಮೈಟ್ ಇಟ್ಟ ದೃಶ್ಯವಿದೆ, ಶಾರ್ಕ್‌ಗಳನ್ನು ಕೊಂದ ದೃಶ್ಯವಿದೆ. ಮುಂದೆ ಸಮುದ್ರ ರಕ್ಷಣೆಯ ದೊಡ್ಡ ಧ್ವನಿಯಾದವರೂ ಕೂಸ್ತೋ ಅವರೇ. ಮನುಷ್ಯ ತಿದ್ದಿಕೊಳ್ಳಬಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನ.

ಆರಂಭದ ವರ್ಷಗಳಲ್ಲಿ ಸಾವುಗಳೂ ಸಂಭವಿಸಿದವು. 1947ರಲ್ಲಿ ಕೂಸ್ತೋ ತಂಡದ ಮೊರಿಸ್ ಫಾರ್ಗ್ ಎಂಬ ಅನುಭವಿ ಮುಳುಗುಗಾರ ಆಳದ ದಾಖಲೆಗಾಗಿ ಸುಮಾರು 120 ಮೀಟರ್ ಇಳಿದು ಜೀವಂತವಾಗಿ ಮರಳಲಿಲ್ಲ. ಇಂತಹ ಒಂದೊಂದು ಸಾವಿನಿಂದಲೂ ಒಂದೊಂದು ನಿಯಮ ಹುಟ್ಟಿತು. ನಿಯಮಗಳನ್ನು ಕಲಿಸಲು ಸಂಸ್ಥೆಗಳು ಹುಟ್ಟಿದವು. 1953ರಲ್ಲಿ ಬ್ರಿಟಿಷ್ ಸಬ್ ಅಕ್ವಾ ಕ್ಲಬ್, 1959ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವಾದ ‘ಸಿಮಾಸ್’, 1966ರಲ್ಲಿ ಅಮೆರಿಕದಲ್ಲಿ ‘ಪ್ಯಾಡಿ’ ಸ್ಥಾಪನೆಯಾದವು.

ಇವರು ಕಲಿಸುವ ಪಾಠಗಳು ಸರಳವಾದರೂ ಅರ್ಥಪೂರ್ಣವಾಗಿವೆ. ಮೊದಲನೆಯದು, ಎಂದೂ ಉಸಿರು ಬಿಗಿಹಿಡಿಯಬಾರದು. ಹತ್ತು ಮೀಟರ್ ಆಳದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗಿ ಶ್ವಾಸಕೋಶವನ್ನು ಹರಿಯಬಲ್ಲದು. ಎರಡನೆಯದು, ಒಬ್ಬನೇ ಇಳಿಯಬಾರದು. ಇಳಿಯುವ ಮೊದಲು ಜೊತೆಗಾರನ ಉಪಕರಣವನ್ನು ನೀವು, ನಿಮ್ಮದನ್ನು ಅವನು ಪರೀಕ್ಷಿಸಬೇಕು. ಅವನ ಗಾಳಿ ಮುಗಿದರೆ ನಿಮ್ಮ ಸಿಲಿಂಡರಿನಿಂದ ಕೊಡಬೇಕು. ಮೂರನೆಯದು, ನಿಧಾನವಾಗಿ ಮೇಲೇರಬೇಕು, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ತಡೆಯಬೇಕು. ನಾಲ್ಕನೆಯದು, ಮಿತಿ ಮೀರಬಾರದು. ಮೊದಲ ಹಂತದ ಪ್ರಮಾಣಪತ್ರ ಪಡೆದವರಿಗೆ 18 ಮೀಟರ್, ಹೆಚ್ಚಿನ ತರಬೇತಿ ಪಡೆದ ಹವ್ಯಾಸಿಗಳಿಗೆ 40 ಮೀಟರ್ ಗಡಿ. ಐದನೆಯದು, ಏನನ್ನೂ ಮುಟ್ಟಬಾರದು, ಏನನ್ನೂ ತರಬಾರದು.

ನೀರಿನೊಳಗೆ ಮಾತಿಲ್ಲ, ಸನ್ನೆಯೇ ಭಾಷೆ. ಹೆಬ್ಬೆರಳು ಮೇಲೆತ್ತಿದರೆ ನಮ್ಮಲ್ಲಿ ಶಹಬ್ಬಾಸ್ ಎಂದರ್ಥ. ಅಲ್ಲಿ ‘ಈಗಲೇ ಮೇಲೆ ಹೋಗೋಣ’ ಎಂದರ್ಥ. ಜೊತೆಗಾರರಲ್ಲಿ ಯಾರಾದರೊಬ್ಬರು ಈ ಸನ್ನೆ ಮಾಡಿದರೆ ಇನ್ನೊಬ್ಬರು ಕಾರಣ ಕೇಳದೆ ಒಪ್ಪಬೇಕು. ಎಷ್ಟು ಹಣ ಖರ್ಚಾಗಿದ್ದರೂ ಸರಿ, ಭಯವಾದವನನ್ನು ಯಾರೂ ಹಂಗಿಸುವಂತಿಲ್ಲ. ಮುತ್ತಿನ ಕಸುಬಿನವನ ಹಗ್ಗ ಹಿಡಿದು ದೋಣಿಯಲ್ಲಿ ಕಾಯುತ್ತಿದ್ದ ಆ ಹಳೆಯ ಸಂಗಾತಿಯೇ ಇಂದು ಈ ಜೊತೆಗಾರನ ರೂಪದಲ್ಲಿ ಪಕ್ಕದಲ್ಲಿ ಈಜುತ್ತಿದ್ದಾನೆ ಎನ್ನಬಹುದು.

ನಮ್ಮ ರಾಜ್ಯದ ನೇತ್ರಾಣಿ

ಭಾರತದಲ್ಲಿ ಈ ಹವ್ಯಾಸ ಅಂಡಮಾನ್ ಮತ್ತು ಲಕ್ಷದ್ವೀಪಗಳಲ್ಲಿ ಬೇರೂರಿತು. ಲಕ್ಷದ್ವೀಪದ ಜನಸಂಖ್ಯೆಯಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಜನ ಮುಸ್ಲಿಮರು. ಹವಳದ ನಡುವೆಯೇ ಬೆಳೆದ ಅಲ್ಲಿನ ಯುವಕರಲ್ಲಿ ಹಲವರು ತರಬೇತಿ ಪಡೆದು ಪರ ಊರಿನವರಿಗೆ ಡೈವಿಂಗ್ ಕಲಿಸುವ ಬೋಧಕರಾಗಿದ್ದಾರೆ.

ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಹೆಸರಾದ ತಾಣ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪ. ರಾಯಚೂರಿನಿಂದ ಮುರುಡೇಶ್ವರಕ್ಕೆ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿಂದ ಸಮುದ್ರದಲ್ಲಿ ಸುಮಾರು 19 ಕಿಲೋಮೀಟರ್ ದೋಣಿ ಪ್ರಯಾಣ. ಇಂಗ್ಲಿಷರು ಇದನ್ನು ಪಾರಿವಾಳದ ದ್ವೀಪ ಎಂದು ಕರೆಯುತ್ತಿದ್ದರು. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಡೈವಿಂಗ್ ನಿಲ್ಲುತ್ತದೆ. ಚಳಿಗಾಲ ಮತ್ತು ಬೇಸಿಗೆಯ ತಿಂಗಳುಗಳಲ್ಲಿ ನೀರು ತಿಳಿಯಾಗಿ ಹವಳ, ಬಣ್ಣಬಣ್ಣದ ಮೀನು, ಕಡಲಾಮೆಗಳು ಕಾಣಸಿಗುತ್ತವೆ. ಹಿಂದೆ ನೌಕಾಪಡೆ ಈ ದ್ವೀಪವನ್ನು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿದಾಗ ಪರಿಸರಾಸಕ್ತರು ಆಕ್ಷೇಪ ಎತ್ತಿದ್ದರು. 2001ರಿಂದ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂದರೆ ಹವಳದ ತುಂಡು ಮುರಿದು ತರುವುದು ಶಿಕ್ಷಾರ್ಹ ಅಪರಾಧ. ನಟ ಪುನೀತ್ ರಾಜ್‌ಕುಮಾರ್ ಅವರ ನಿಧನಾನಂತರ 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಸಾಕ್ಷ್ಯಚಿತ್ರದ ಮೂಲಕ ನೇತ್ರಾಣಿಯ ಆಳ, ಸಮುದ್ರವನ್ನೇ ನೋಡದ ನಮ್ಮ ಭಾಗದ ಮಕ್ಕಳ ಕಣ್ಣಿಗೂ ಬಿತ್ತು.

ಒಂದು ದಿನದ ಪ್ರವಾಸಕ್ಕೆ ಹೋದವರನ್ನು ಬೋಧಕರು ಕೈಹಿಡಿದು ಕೆಲವು ನಿಮಿಷ ಕೆಳಗೆ ಕರೆದೊಯ್ಯುತ್ತಾರೆ. ಅದು ಪರಿಚಯ ಮಾತ್ರ. ಪ್ರಮಾಣಪತ್ರ ಬೇಕಾದವರು ಹಲವು ದಿನ ಪಾಠ ಕೇಳಿ, ಈಜು ಪರೀಕ್ಷೆ ಮುಗಿಸಿ, ಲಿಖಿತ ಪರೀಕ್ಷೆಯನ್ನೂ ಬರೆಯಬೇಕು. ಎರಡನ್ನೂ ಒಂದೇ ಎಂದು ಭಾವಿಸುವುದು ಅಪಾಯ.

ಈ ತೀರಕ್ಕೆ ಇನ್ನೊಂದು ಹಿರಿಮೆಯಿದೆ. ಮುತ್ತಿನ ಕಸುಬನ್ನು ವರ್ಣಿಸಿದ ಅದೇ ಇಬ್ನ್ ಬತೂತಾ 1340ರ ದಶಕದಲ್ಲಿ ಇಲ್ಲಿಗೆ ಸಮೀಪದ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುದನ್ನು ಕಂಡು ಬೇರೆಲ್ಲೂ ಇಂತಹುದನ್ನು ನೋಡಿಲ್ಲವೆಂದು ಆಶ್ಚರ್ಯಪಟ್ಟ. ಅದೇ ಕರಾವಳಿಯ ಭಟ್ಕಳದಲ್ಲಿ 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಇಂದು ಶಾಲೆಯಿಂದ ಎಂಜಿನಿಯರಿಂಗ್ ಕಾಲೇಜಿನವರೆಗೆ ಬೆಳೆದಿದೆ. ವಿದ್ಯಾಸಂಸ್ಥೆ ಕಟ್ಟುವ ನಮ್ಮಂಥವರಿಗೆ ಇದು ಮಾದರಿ.

ಕನ್ನಡಿಗ ವಿದ್ವಾಂಸರೊಬ್ಬರು ಡೈವಿಂಗನ್ನು ಇತಿಹಾಸದ ಸೇವೆಗೆ ತಂದರೆಂಬುದೂ ಹೆಮ್ಮೆಯ ವಿಷಯ. ಲೋಥಲ್‌ನ ಉತ್ಖನನ ನಡೆಸಿದ ಶಿಕಾರಿಪುರ ರಂಗನಾಥ ರಾವ್ (1922–2013) 1980ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ನೆರವಿನಿಂದ ಗುಜರಾತಿನ ದ್ವಾರಕೆಯ ಬಳಿ ನೀರೊಳಗಿನ ಶೋಧನೆ ಕೈಗೊಂಡರು. ಅಲ್ಲಿ ದೊರೆತ ಕಲ್ಲಿನ ಲಂಗರುಗಳು, ಕಟ್ಟಡದ ಅವಶೇಷಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಭಾರತದಲ್ಲಿ ನೀರೊಳಗಿನ ಪುರಾತತ್ವ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಅವರು. ಇತಿಹಾಸ ಓದಿದವನಿಗೆ ಮೇಷ್ಟ್ರ ಕೆಲಸ ಬಿಟ್ಟು ಬೇರೆ ದಾರಿಯಿಲ್ಲ ಎನ್ನುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ನಮ್ಮ ಎರಡು ನದಿಗಳ ಮಾತು

ಈಗ ನಮ್ಮ ಊರಿಗೆ ಬರೋಣ. ನಮ್ಮ ಕೃಷ್ಣೆ, ತುಂಗಭದ್ರೆಗಳಲ್ಲಿ ಹವಳವಿಲ್ಲ. ಕೆಂಪು ನೀರಿನಲ್ಲಿ ಕೈ ಚಾಚಿದರೆ ಕೈ ಕಾಣುವುದಿಲ್ಲ, ಕೆಲವೆಡೆ ಮೊಸಳೆಗಳೂ ಇವೆ. ಮೋಜಿನ ಡೈವಿಂಗ್ ಇಲ್ಲಿ ಆಗದ ಮಾತು. ಆದರೆ ನೀರು ನಮ್ಮನ್ನು ಬಿಟ್ಟಿಲ್ಲ. ದೇವದುರ್ಗದ ಕಡೆ ಕೃಷ್ಣೆಯ ದಡ ಮತ್ತು ನಾರಾಯಣಪುರ ಬಲದಂಡೆ ಕಾಲುವೆ, ಮಾನ್ವಿಯ ಕಡೆ ತುಂಗಭದ್ರೆ ಮತ್ತು ಅದರ ಎಡದಂಡೆ ಕಾಲುವೆ, ರಾಯಚೂರು ನಗರದಲ್ಲಿ ಮಾವಿನಕೆರೆ, ಖಾಸಬಾವಿ, ಹೊರವಲಯದ ಕಲ್ಲುಕ್ವಾರಿಗಳು. ಬೇಸಿಗೆ ರಜೆ ಬಂತೆಂದರೆ, ಹಬ್ಬದ ಮರುದಿನ ಬಂತೆಂದರೆ ಹುಡುಗರು ನೀರಿಗೆ ಹೋಗುತ್ತಾರೆ. ಮರಳು ತೆಗೆದ ಗುಂಡಿ ಎಲ್ಲಿದೆಯೆಂದು ನೀರಿನ ಮೇಲೆ ಬರೆದಿರುವುದಿಲ್ಲ. ಒಬ್ಬ ಮುಳುಗುತ್ತಾನೆ, ಅವನನ್ನು ಹಿಡಿಯಲು ಹೋದ ಇನ್ನೊಬ್ಬನೂ ಮುಳುಗುತ್ತಾನೆ. ಭಾರತದಲ್ಲಿ ಪ್ರತಿ ವರ್ಷ 30 ಸಾವಿರಕ್ಕೂ ಹೆಚ್ಚು ಜನ ಹೀಗೆ ನೀರುಪಾಲಾಗುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ಹೇಳುತ್ತವೆ.

ಆಗ ಓಡಿಬರುವವರು ಪತ್ರಿಕೆಗಳು ‘ಮುಳುಗು ತಜ್ಞರು’ ಎಂದು ಬರೆಯುವ ನಮ್ಮ ಅಂಬಿಗರು, ಮೀನುಗಾರರು, ಊರಿನ ನುರಿತ ಈಜುಗಾರರು. ಬೆನ್ನಿಗೆ ಸಿಲಿಂಡರ್ ಇಲ್ಲ, ಕಣ್ಣಿಗೆ ಕನ್ನಡಕವಿಲ್ಲ. ಕೊಲ್ಲಿಯ ಮುತ್ತಿನವನಂತೆಯೇ ಒಂದೇ ಉಸಿರಿನಲ್ಲಿ ಇಳಿಯುತ್ತಾರೆ. ಅವನು ಚಿಪ್ಪಿಗಾಗಿ ತಡಕಿದ, ಇವರು ಯಾರದೋ ಮನೆಯ ಮಗುವಿಗಾಗಿ ತಡಕುತ್ತಾರೆ. ಜಾತಿ, ಧರ್ಮ ಕೇಳದೆ ಅವರು ಮಾಡುವ ಈ ಸೇವೆಗೆ ನಾವು ಒಂದು ಹಗ್ಗವನ್ನಾದರೂ, ಒಂದು ಜೀವರಕ್ಷಕ ಅಂಗಿಯನ್ನಾದರೂ ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯ ಸೆಳೆತಕ್ಕೆ ನೌಕಾಪಡೆಯ ತರಬೇತಾದ ಮುಳುಗುಗಾರರೂ ದಿನಗಟ್ಟಲೆ ದಡದಲ್ಲಿ ಕಾಯಬೇಕಾಯಿತು. ಸೆಳೆತ ಹೆಚ್ಚಿದ್ದಾಗ ಇಳಿಯದಿರುವುದೂ ವಿದ್ಯೆಯ ಒಂದು ಭಾಗ. ಎಲ್ಲ ಉಪಕರಣ ಇದ್ದವರೇ ತಡೆದು ನಿಂತರೆ ಬರಿಗೈಯ ಹುಡುಗರಿಗೆ ಅವಸರವೇಕೆ?

ನೀರಿನಲ್ಲಿ ಮುಳುಗಿ ತೀರಿಕೊಂಡವರಿಗೆ ಹುತಾತ್ಮರ ಸ್ಥಾನವಿದೆಯೆಂದು ಹದೀಸಿನಲ್ಲಿ ಬಂದಿದೆ. ಮಗನನ್ನು ಕಳೆದುಕೊಂಡ ತಾಯಿಗೆ ಇದಕ್ಕಿಂತ ದೊಡ್ಡ ಸಾಂತ್ವನವಿಲ್ಲ. ಆದರೆ ಆ ಸಾಂತ್ವನವನ್ನು ಬದುಕಿರುವ ನಾವು ನಮ್ಮ ಅಜಾಗರೂಕತೆಗೆ ಸಮಜಾಯಿಷಿಯಾಗಿ ಬಳಸಬಾರದು. ಜೀವ ಉಳಿಸುವ ಕಾರ್ಯಕ್ಕೆ ಪವಿತ್ರ ಕುರ್‌ಆನ್ ಕೊಟ್ಟ ಮಹತ್ವ ಓದುಗರಿಗೆ ಗೊತ್ತೇ ಇದೆ. ಮಕ್ಕಳಿಗೆ ಈಜು ಕಲಿಸಬೇಕೆಂಬ ಬುದ್ಧಿಮಾತನ್ನು ಹಜ್ರತ್ ಉಮರ್ (ರ) ಅವರ ಹೆಸರಿನಲ್ಲಿ ನಮ್ಮ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಹೇಳಿದ್ದು ಬಹಳ, ಕಲಿಸಿದ್ದು ಕಡಿಮೆ.

ಸಂಘದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಬೇಸಿಗೆ ಶಿಬಿರಗಳಲ್ಲಿ ಕಂಪ್ಯೂಟರ್, ಇಂಗ್ಲಿಷ್ ಕಲಿಸುವಂತೆ ಬಲ್ಲವರ ಕಣ್ಗಾವಲಿನಲ್ಲಿ ಈಜನ್ನೂ ಕಲಿಸೋಣ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆ, ಮಹಿಳಾ ತರಬೇತುದಾರರ ವ್ಯವಸ್ಥೆ ಮಾಡೋಣ. ಡೈವಿಂಗ್ ಉಡುಪು ಕೊರಳಿನಿಂದ ಕಾಲಿನವರೆಗೆ ಮೈ ಮುಚ್ಚುವಂಥದ್ದು, ಈಜಿಗೂ ಅಂತಹ ಉಡುಪು ದೊರೆಯುತ್ತದೆ. ಉಡುಪಿನ ನೆಪದಲ್ಲಿ ಹುಡುಗಿಯರನ್ನು ಹಿಂದೆ ಇಡುವ ಕಾಲ ಮುಗಿಯಲಿ. ಮುಳುಗುತ್ತಿರುವವನನ್ನು ಕಂಡರೆ ಹಾರಬೇಡಿ, ಕೂಗಿ ಜನ ಸೇರಿಸಿ, ಹಗ್ಗವನ್ನೋ ಸೀರೆಯನ್ನೋ ಬಾಯಿ ಬಿಗಿದ ಖಾಲಿ ಕ್ಯಾನನ್ನೋ ಎಸೆಯಿರಿ ಎಂದು ಪ್ರತಿ ಶಾಲೆಯಲ್ಲಿ ಹೇಳಿಕೊಡೋಣ. ನಮ್ಮೂರಿನ ಮುಳುಗು ತಜ್ಞರನ್ನು ವಾರ್ಷಿಕೋತ್ಸವಕ್ಕೆ ಕರೆದು ಶಾಲು ಹೊದಿಸೋಣ, ಹಗ್ಗ ಮತ್ತು ಜೀವರಕ್ಷಕ ಅಂಗಿಯನ್ನೂ ಕೈಗಿಡೋಣ.

ವಿದ್ಯಾರ್ಥಿ ಮಿತ್ರರೇ, ಸಾಲಕ್ಕಾಗಿ ಮುಳುಗಿದವರ ಮೊಮ್ಮಕ್ಕಳು ಇಂದು ಸಂತೋಷಕ್ಕಾಗಿ ಮುಳುಗುತ್ತಿದ್ದಾರೆ. ಈ ಬದಲಾವಣೆಗೆ ಹಣವೂ ಕಾರಣವಿರಬಹುದು, ಆದರೆ ಹೆಚ್ಚಿನ ಕಾರಣ ವಿದ್ಯೆ. ಬಾಗ್ದಾದಿನ ಸಹೋದರರಿಂದ ಹಾಲ್ಡೇನ್‌ವರೆಗೆ, ಮಾರ್ನ್ ನದಿಯಿಂದ ನೇತ್ರಾಣಿಯವರೆಗೆ ಒಬ್ಬರು ಕಲಿತದ್ದನ್ನು ಇನ್ನೊಬ್ಬರಿಗೆ ಬರೆದಿಟ್ಟು ಹೋದದ್ದರಿಂದ ಇದು ಸಾಧ್ಯವಾಯಿತು. ನಿಮ್ಮಲ್ಲಿ ಯಾರಾದರೂ ಸಮುದ್ರವಿಜ್ಞಾನಿಯಾಗಿ, ನೀರೊಳಗಿನ ಪುರಾತತ್ವ ತಜ್ಞರಾಗಿ, ಅಗ್ನಿಶಾಮಕ ದಳದ ತರಬೇತಾದ ಮುಳುಗುಗಾರರಾಗಿ ಈ ಪುಟಗಳಲ್ಲಿ ಮುಂದೊಂದು ದಿನ ನಿಮ್ಮ ಅನುಭವ ಬರೆಯುವಂತಾಗಲಿ. ಅಲ್ಲಿಯವರೆಗೆ ದೇವಸೂಗೂರಿನ ಸೇತುವೆ ದಾಟುವಾಗಲೆಲ್ಲ ಒಮ್ಮೆ ಕೆಳಗೆ ಹರಿಯುವ ನೀರನ್ನೂ ನೋಡಿ. ಅದನ್ನು ಬಲ್ಲವರಾಗುವ ವಿವೇಕವನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ.